ಅವಳ ಭುಜದಾಚೆಯ ರಸ್ತೆ

ಅವಳು ಫೋನಿನಿಂದ ಕಣ್ಣೆತ್ತುವಷ್ಟರಲ್ಲಿ ರಸ್ತೆಗೆ ಅಡ್ಡ ಇಟ್ಟಿದ್ದ ಮೊದಲ ಕೋನ್ ಹಾರಿಹೋಗಿತ್ತು!

ಎರಡನೆಯದು ಅವಳ ವ್ಯಾನಿನ ಮೂತಿಗೆ ಬಡಿಯಿತು. ಎಲ್ಲಿಂದಲೋ ಸೀಟಿಯ ಸದ್ದು... ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟವನೊಬ್ಬ ರಸ್ತೆಯಂಚಿಗೆ ಜಿಗಿದು ಉರುಳಿದ. ಅವಳು ಬ್ರೇಕಿನ ಮೇಲೆ ನಿಂತೇಬಿಟ್ಟಳು. ಹಿಂದೆ ಮಡಚಿಟ್ಟಿದ್ದ ಹೋಟೆಲಿನ ಬಿಳಿ ಚಾದರಗಳೆಲ್ಲ ಮುಂದಕ್ಕೆ ನುಗ್ಗಿ ಅವಳ ಹೆಗಲ ಮೇಲೆ ಬಿದ್ದವು.

"ಹಲೋ... ಹಲೋ... ಏನಾಯ್ತೇ?" ಫೋನಿನಲ್ಲಿ ಅಕ್ಕನ ದನಿ ಕೇಳುತ್ತಲೇ ಇತ್ತು.

ಅವಳು ಇಳಿದಳು. ಬೆಳಗಿನ ಮಂಜಿನಲ್ಲಿ ಹೆದ್ದಾರಿಯ ಮೇಲೆ ಆಗಷ್ಟೇ ಎಳೆದಿದ್ದ ಬಿಳಿ ಗೆರೆಯನ್ನು ಅವಳ ವ್ಯಾನಿನ ಚಕ್ರ ಉದ್ದಕ್ಕೂ ಅಳಿಸಿ ಹರಡಿಬಿಟ್ಟಿತ್ತು. ಬಿದ್ದವನು ಎದ್ದು ನಿಂತಿದ್ದ. ಮೊಣಕೈ ತರಚಿ ರಕ್ತ ಬರುತ್ತಿತ್ತು. ಜಾಕೆಟ್ಟಿಗೆಲ್ಲ ಬಣ್ಣ.

ಬೈಯುತ್ತಾನೆ. ಬೈಯಲಿ, ಎರಡೇಟು ಹೊಡೆದರೂ ಸರಿ ಎಂದುಕೊಂಡಳು.

"ನಿಮಗೇನಾದ್ರೂ ಪೆಟ್ಟಾಯ್ತಾ?" ಎಂದ ಅವನು.

"ಇ... ಇಲ್ಲ."

"ಹಾಗಾದ್ರೆ ಮೊದಲು ಈ ಕಡೆ ಬನ್ನಿ. ರಸ್ತೆ ಮೇಲೆ ನಿಲ್ಲಬೇಡಿ!"

ಅವಳ ತೋಳು ಹಿಡಿದು ಅಂಚಿಗೆ ಕರೆತಂದ. ಅವಳಿಗೆ ಅಳು ಉಕ್ಕಿ ಬಂತು.

"ಸಾರಿ ರೀ... ನಿಜವಾಗ್ಲೂ ಸಾರಿ. ಗೆರೆ ಹಾಳಾಯ್ತು."

"ಗೆರೆ ಬಿಡಿ, ಇನ್ನೊಂದು ಎಳೀತೀನಿ. ನಾನು ಹೋಗಿದ್ರೆ ನಮ್ಮಮ್ಮನಿಗೆ ಇನ್ನೊಬ್ಬ ಮಗನ್ನ ಎಲ್ಲಿಂದ ತಂದ್ಕೊಡ್ತಿದ್ರಿ?"

ಮಾತು ಚುಚ್ಚಿತು. ಆದರೆ ದನಿ ಮೆತ್ತಗಿತ್ತು. ಇಷ್ಟು ಹೇಳುವಾಗಲೂ ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ. ಅವಳ ಭುಜದಾಚೆ ಎಲ್ಲೋ ನೆಟ್ಟಿತ್ತು.

'ಮುಖ ನೋಡೋಕೂ ಅಸಹ್ಯ ಆಗಿರಬೇಕು' ಎಂದುಕೊಂಡಳು ಪಾಪ.

ಪ್ರಾಯಶ್ಚಿತ್ತಕ್ಕೆಂದು ಅವನ ಜಾಕೆಟ್ಟನ್ನು ಒಗೆದು ತರುತ್ತೇನೆಂದು ಇಸಿದುಕೊಂಡು ಬಂದಳು. ಅಕ್ಕನದೇ ಲಾಂಡ್ರಿ. ಹೆದ್ದಾರಿಯ ಹೋಟೆಲುಗಳ ಚಾದರ, ಟವೆಲುಗಳನ್ನು ತರುವುದು, ಒಗೆದದ್ದನ್ನು ಮುಟ್ಟಿಸುವುದು ತಂಗಿಯ ಕೆಲಸ. ಮನೆಯಲ್ಲಿ ಅವಳಿಗೆ 'ಬಿರುಗಾಳಿ' ಎಂದೇ ಹೆಸರು. ಎಲ್ಲರಿಗಿಂತ ಬೇಗ ಮುಟ್ಟುತ್ತೇನೆಂಬ ಹೆಮ್ಮೆ ಅವಳಿಗೂ ಇತ್ತು.

ಅಕ್ಕ ಜಾಕೆಟ್ಟನ್ನು ಸೋಪಿನಲ್ಲಿ ನೆನೆಸಿದಳು, ಉಜ್ಜಿದಳು, ಕೊನೆಗೆ ಕೈಚೆಲ್ಲಿದಳು.

"ಇದು ರೋಡಿಗೆ ಹಾಕೋ ಬಣ್ಣ ಕಣೆ. ಬಟ್ಟೆ ಹರಿಯುತ್ತೆ, ಬಣ್ಣ ಹೋಗಲ್ಲ."

"ಹಾಗಾದ್ರೆ ಏನು ಮಾಡ್ಲಿ?"

"ಹಾಗೇ ತಗೊಂಡು ಹೋಗಿ ಕೊಡು. ಅಲ್ವೇ, ಒಂದು ಹಳೇ ಜಾಕೆಟ್ಟಿಗೆ ಇಷ್ಟು ಒದ್ದಾಡ್ತಿದೀಯಲ್ಲ, ಏನು ಸಮಾಚಾರ?"

"ನಿನ್ನ ತಲೆ!" ಎಂದು ಬಿರುಗಾಳಿ ಅಲ್ಲಿಂದ ಕಾಲ್ಕಿತ್ತಿತು.

ಸಮಾಚಾರ ಇರಲಿಲ್ಲ ಎಂದರೆ ಸುಳ್ಳಾದೀತು. ಜಾಕೆಟ್ ಕೊಡಲು ಹೋದವಳು ಮರುದಿನ ಬಿಸ್ಕತ್ತು ಕೊಡಲು ಹೋದಳು. ಅದರ ಮರುದಿನ ಕೊಡಲು ಏನೂ ಇಲ್ಲದೆ ಸುಮ್ಮನೆ ಹೋದಳು. ಕೋನ್‌ಗಳು ಕಂಡೊಡನೆ ವ್ಯಾನು ಬೆಕ್ಕಿನಂತೆ ಮೆಲ್ಲಗಾಗುತ್ತಿತ್ತು. ಅವನು ಗೆರೆ ಎಳೆಯುವ ಬಣ್ಣದ ಗಾಡಿಯನ್ನು ಜೊತೆಗಾರನ ಕೈಗೆ ಕೊಟ್ಟು ಅಂಚಿಗೆ ಬಂದು ನಿಲ್ಲುತ್ತಿದ್ದ. ಅವಳು ಮನೆಯವರು ಕರೆಯುವ 'ಬಿರುಗಾಳಿ' ಹೆಸರನ್ನು ಹೇಳಿಕೊಂಡಳು, ಅವನಿಗೆ 'ಗೆರೆರಾಯ' ಎಂದು ಹೆಸರಿಟ್ಟಳು.

"ಈ ತುಂಡು ಗೆರೆ ಎಷ್ಟುದ್ದ ಇರುತ್ತೆ ಹೇಳಿ?" ಎಂದು ಅವನೊಮ್ಮೆ ಕೇಳಿದ.

"ನನ್ನ ಕೈಯಷ್ಟು."

ಅವನು ನಕ್ಕ. ಕೆಲಸಕ್ಕಾಗಿ ಮುಚ್ಚಿದ್ದ ರಸ್ತೆಯ ಪಟ್ಟಿಯಲ್ಲಿ, ಒಣಗಿದ ಗೆರೆಯೊಂದರ ಪಕ್ಕ ಅವಳನ್ನು ನಡೆಸಿದ. ನಡೆದಳು... ನಡೆದಳು... ಗೆರೆ ಮುಗಿಯಲೇ ಇಲ್ಲ!

"ಅಯ್ಯೋ, ನನ್ನಂಥ ಇಬ್ಬರು ಮಲಗಬಹುದು!"

"ಜೋರಾಗಿ ಹೋಗೋರಿಗೆ ಎಲ್ಲಾ ಚಿಕ್ಕದಾಗೇ ಕಾಣೋದು. ಗೆರೆನೂ... ಗೆರೆ ಎಳೆಯೋ ಮನುಷ್ಯನೂ. ಸ್ವಲ್ಪ ನಿಧಾನಕ್ಕೆ ಓಡಿಸಿ ರೀ."

"ಆಯ್ತು ಮೇಷ್ಟ್ರೇ!" ಎಂದು ಅವಳು ಸೆಲ್ಯೂಟ್ ಹೊಡೆದಳು. ಅವನು ನಗಲಿಲ್ಲ.

ರಾತ್ರಿ ಕಣ್ಣು ಮುಚ್ಚಿದರೆ ಅದೇ ಕನಸು. ಮುಗಿಯದ ಬಿಳಿ ಗೆರೆ, ಅದರ ಪಕ್ಕ ಅವನೂ ಅವಳೂ, ಒಂದೇ ಒಂದು ಗಾಡಿಯ ಸದ್ದೂ ಇಲ್ಲದ ರಸ್ತೆ. ಕನಸಿನಲ್ಲಿ ಅವನು ಅವಳ ಮುಖವನ್ನೇ ನೋಡುತ್ತಿದ್ದ. ಎಚ್ಚರದಲ್ಲಿ? ಒಂದು ದಿನವೂ ಇಲ್ಲ! ಹೊಸ ನೀಲಿ ಉಡುಪು ತೊಟ್ಟು ಹೋದಳು, ಕೂದಲು ಬಿಟ್ಟು ಹೋದಳು. ಅವನ ಕಣ್ಣು ಮಾತ್ರ ಅವಳ ಭುಜದಾಚೆಯೇ. ಮಾತು ಅವಳ ಜೊತೆ, ನೋಟ ಇನ್ನೆಲ್ಲೋ.

ಗೆರೆ ದಿನದಿನಕ್ಕೆ ಮುಂದೆ ಸಾಗುತ್ತಿತ್ತು. ಅವಳ ವ್ಯಾನು ಹೆದ್ದಾರಿ ಬಿಟ್ಟು ಒಳರಸ್ತೆಗೆ ಹೊರಳುವ ತಿರುವು ಹತ್ತಿರವಾಗುತ್ತಿತ್ತು. ಗೆರೆ ಅದನ್ನು ದಾಟಿದರೆ ಅವನು ಎಲ್ಲಿಯೋ, ಅವಳು ಎಲ್ಲಿಯೋ.

ಒಂದು ಸಂಜೆ ಧೈರ್ಯ ಒಟ್ಟುಗೂಡಿಸಿಕೊಂಡಳು.

"ನಂಗೆ... ನೀವಂದ್ರೆ ಇಷ್ಟ."

ಅವನ ಕೈ ಕೊರಳಿನ ಸೀಟಿಯನ್ನು ಬಿಗಿಯಾಗಿ ಹಿಡಿಯಿತು. ಕಣ್ಣು ಮಾತ್ರ ಕದಲಲಿಲ್ಲ.

"ಕೇಳಿಸ್ತಾ? ಒಂದ್ಸಲ ನನ್ನ ಮುಖ ನೋಡಿ ಹೇಳಿ, ಸಾಕು."

"ಇಲ್ಲಿ ಬೇಡ..." ಅವನ ದನಿ ಒರಟಾಯಿತು. "ನೀವೀಗ ಹೋಗಿ. ಇನ್ಮೇಲೆ ಇಲ್ಲಿ ಬಂದು ನಿಲ್ಲಬೇಡಿ."

ಅಷ್ಟೇ! ಅವಳ ಎದೆ ಒಡೆದುಹೋಯಿತು. ವ್ಯಾನು ಹತ್ತಿದವಳು ಕಣ್ಣೀರಿನಲ್ಲೇ ವೇಗ ಏರಿಸಿದಳು. ಗಾಜಿನಾಚೆ ಗೆರೆಗಳು ಚುಕ್ಕೆಗಳಾದವು. ಮುಂದಿದ್ದ ಲಾರಿಯ ಹಿಂಬದಿ ದೀಪ ಕೆಂಪಗೆ ಬೆಳಗಿದ್ದು ಕಂಡಾಗ ಹೊತ್ತು ಮೀರಿತ್ತು. ಪಕ್ಕಕ್ಕೆ ತಿರುಗಿಸಿದಳು. ಕೂದಲೆಳೆಯಲ್ಲಿ ಪಾರಾದಳು. ಅಂಚಿನ ಮಣ್ಣಿನಲ್ಲಿ ವ್ಯಾನು ನಿಂತಿತು.

ಅಂದಿನಿಂದ ಅವಳು ಆ ದಾರಿ ಬಿಟ್ಟು ಸುತ್ತುಹಾದಿ ಹಿಡಿದಳು.

ಕೆಲವು ದಿನಗಳ ಮೇಲೆ ಲಾಂಡ್ರಿಯ ಬಾಗಿಲಿಗೆ ಗಾಲಿಕುರ್ಚಿಯೊಂದು ಬಂತು. ಕುಳಿತಿದ್ದವರಿಗೆ ಮಂಡಿಯ ಕೆಳಗೆ ಒಂದು ಕಾಲಿಲ್ಲ. ತೊಡೆಯ ಮೇಲೆ ಕಿತ್ತಳೆ ಜಾಕೆಟ್ಟುಗಳ ಗಂಟು.

"ಬಿರುಗಾಳಿ ಅಂದ್ರೆ ನೀನೇನಾ ತಾಯಿ? ನಾನು ನಿನ್ನ ಗೆರೆರಾಯನ ಅಣ್ಣ."

ಅವಳ ಕೈಯಲ್ಲಿದ್ದ ಚಾದರ ಜಾರಿತು.

"ಅವರಿಗೆ ನನ್ನ ಮುಖ ನೋಡೋಕೂ ಇಷ್ಟ ಇಲ್ಲ. ನೀವ್ಯಾಕೆ ಬಂದ್ರಿ?"

"ಮುಖ ನೋಡೋಕೆ ಇಷ್ಟ ಇಲ್ವಾ!" ಅಣ್ಣ ಜೋರಾಗಿ ನಕ್ಕುಬಿಟ್ಟರು. "ಆ ದಡ್ಡ ಮನೇಲಿ ನಮ್ಮ ತಲೆ ತಿಂತಾನೆ. ಅವಳ ನಗು ಹೀಗೆ, ದನಿ ಹಾಗೆ... ಮುಖ ಹೇಗಿದೆಯೋ ಅಂದ್ರೆ, ಸರಿಯಾಗಿ ನೋಡಿಲ್ಲ ಅಣ್ಣಾ ಅಂತಾನೆ!"

"ಯಾಕೆ ನೋಡಿಲ್ಲ?"

ಅಣ್ಣನ ನಗು ನಿಂತಿತು.

"ನಮ್ಮ ಕೆಲಸದಲ್ಲಿ ಒಂದು ಕಟ್ಟಳೆ ಇದೆ ತಾಯಿ. ರಸ್ತೆಗೆ ಬೆನ್ನು ಕೊಟ್ಟವನನ್ನ ಇನ್ನೊಬ್ಬ ಕಾಯಬೇಕು. ಇಬ್ಬರು ಮಾತಾಡ್ತಾ ನಿಂತ್ರೆ, ಬರೋ ಗಾಡಿಗಳ ಕಡೆ ಯಾರ ಮುಖ ಇರುತ್ತೋ ಅವನೇ ಕಾವಲು. ನೀನು ದಿನಾ ರಸ್ತೆಗೆ ಬೆನ್ನು ಹಾಕ್ಕೊಂಡು ನಿಂತಿದ್ದೆ. ಅವನು ನಿನ್ನ ಬೆನ್ನು ಕಾಯ್ತಿದ್ದ."

ಅವಳು ಜಾರಿದ ಚಾದರವನ್ನೆತ್ತಿ ಎದೆಗವಚಿಕೊಂಡಳು.

"ನಂಗೂ ಒಬ್ಬ ಕಾವಲಿದ್ದ. ಸೀಟಿನೂ ಊದಿದ. ಆದ್ರೆ ಆ ಕಾರು ಎಷ್ಟು ಜೋರಾಗಿತ್ತು ಅಂದ್ರೆ, ನಾನು ಸೀಟಿ ಕೇಳಿ ತಿರುಗೋಷ್ಟರಲ್ಲಿ ಮುಗಿದೇಹೋಗಿತ್ತು. ನನ್ನನ್ನ ರಸ್ತೆಯಿಂದ ಎತ್ತಿಕೊಂಡವನು ನನ್ನ ತಮ್ಮನೇ."

"ಹಾಗಾದ್ರೆ ಬೇರೆ ಎಲ್ಲಾದ್ರೂ ಸಿಗಬಹುದಿತ್ತಲ್ಲ..." ಎಂದಳು.

"ಹೆದರಿಕೆ ತಾಯಿ. ಅವನ ಹತ್ರ ಬರುವಾಗ ನಿಧಾನ, ಸರಿ. ಹೊರಟ ಮೇಲೆ ತಿರುವಿನಾಚೆ ನಿನ್ನ ಇಂಜಿನ್ ಸದ್ದು ಏರುತ್ತಲ್ಲ, ಅದನ್ನ ಕೇಳ್ತಾ ನಿಂತಿರ್ತಾನೆ. 'ಇವಳನ್ನ ಕಟ್ಕೊಂಡು ದಿನಾ ಸಂಜೆ ಮನೆಗೆ ಬರ್ತಾಳೋ ಇಲ್ವೋ ಅಂತ ಕಾಯೋ ಶಕ್ತಿ ನಂಗಿಲ್ಲ ಅಣ್ಣಾ' ಅಂದ. ಇದನ್ನ ನಿಂಗೆ ಹೇಳೋ ಧೈರ್ಯನೂ ಅವನಿಗಿಲ್ಲ. ಅದಕ್ಕೇ ನಾನು ಬಂದೆ."

ಅವಳು ಅಲ್ಲೇ ಕುಸಿದು ಕುಳಿತಳು. ಆ ಲಾರಿಯ ಕೆಂಪು ದೀಪ ಕಣ್ಣ ಮುಂದೆ ಬಂತು. ಅಂದು ಒಂದಿಷ್ಟು ಹೆಚ್ಚುಕಡಿಮೆಯಾಗಿದ್ದರೆ, ಇದೇ ಬಾಗಿಲಲ್ಲಿ ಅಕ್ಕ ಯಾರ ದಾರಿ ಕಾಯುತ್ತಿದ್ದಳು? ತನ್ನ ಹೆಮ್ಮೆಯ ವೇಗದ ಬಗ್ಗೆ ಅವಳಿಗೆ ಮೊದಲ ಬಾರಿ ಹೇಸಿಗೆಯಾಯಿತು. ಅಕ್ಕ ಬಂದು ತಂಗಿಯ ತಲೆ ಸವರಿದಳಷ್ಟೇ.

ಮರುದಿನ ಬೆಳಿಗ್ಗೆ ಅವಳು ಹೆದ್ದಾರಿಗೆ ಹೊರಟಳು. ಫೋನು ಸೀಟಿನ ಹಿಂದೆ, ಚಾದರಗಳ ಅಡಿಯಲ್ಲಿ ಬಿದ್ದಿತ್ತು. ಹಿಂದಿನಿಂದ ಹಾರ್ನ್ ಹೊಡೆದು ಬೈದುಕೊಂಡು ಹೋದವರೆಲ್ಲ ಹೋಗಲಿ ಎಂದು ಬಿಟ್ಟಳು. ಎಳೆಬಿಸಿಲಿನಲ್ಲಿ ಅವನು ಎಳೆದ ಗೆರೆಗಳು ಒಂದೊಂದಾಗಿ, ತಮ್ಮ ಪೂರ್ತಿ ಉದ್ದದಲ್ಲಿ ಅವಳ ಪಕ್ಕದಿಂದ ಸರಿದವು. ಎಷ್ಟು ಚೆಂದ ಇದೆ ಈ ದಾರಿ! ಇಷ್ಟು ದಿನ ನೋಡಿಯೇ ಇರಲಿಲ್ಲವಲ್ಲ ಎನ್ನಿಸಿತು.

ಅವಳ ತಿರುವಿನ ಹತ್ತಿರ ತಂಡ ಸಾಮಾನು ತುಂಬುತ್ತಿತ್ತು. ಅವನು ಕೋನ್‌ಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದವನು ಅವಳನ್ನು ಕಂಡು ನಿಂತ.

"ಇಲ್ಲಿ ಬರಬೇಡಿ ಅಂದಿದ್ನಲ್ಲ..."

ಅವಳು ನೇರವಾಗಿ ಹೋಗಿ ಅವನು ನಿಲ್ಲುವ ಜಾಗದಲ್ಲಿ, ಬರುವ ಗಾಡಿಗಳ ಕಡೆ ಮುಖ ಮಾಡಿ ನಿಂತಳು.

"ಅಣ್ಣ ಎಲ್ಲಾ ಹೇಳಿದ್ರು. ನಿಮ್ಮ ಸೀಟಿ ಕೊಡಿ ಇಲ್ಲಿ."

"ಯಾಕೆ?"

"ಇವತ್ತು ಕಾವಲು ನಂದು. ನೀವು ಈ ಕಡೆ ತಿರುಗಿ."

ಅವನು ಕದಲಲಿಲ್ಲ. ಅಣ್ಣ ಬಿದ್ದ ದಿನದಿಂದ ಬಣ್ಣದ ಗಾಡಿ ತಳ್ಳುವಾಗ ಬಿಟ್ಟರೆ ಅವನು ರಸ್ತೆಗೆ ಬೆನ್ನು ಹಾಕಿದವನಲ್ಲ. ಈಗ ಹಾಕು ಎನ್ನುತ್ತಿರುವವಳು ಯಾರು? ಅವನ ಕೋನ್‌ಗಳ ಮೇಲೆಯೇ ವ್ಯಾನು ಹತ್ತಿಸಿದವಳು!

"ನಾನು ಇನ್ಮೇಲೆ ಜೋರಾಗಿ ಓಡಿಸಲ್ಲ. ನೀವು ಕೇಳಿಸ್ಕೊಳ್ಳೋ ಕಡೆನೂ, ಕೇಳಿಸ್ಕೊಳ್ಳದ ಕಡೆನೂ," ಎಂದಳು. "ಈಗಲೇ ನಂಬಿ ಅನ್ನಲ್ಲ. ದಿನಾ ಸಂಜೆ ಮನೆಗೆ ಬಂದು ನಂಬಿಸ್ತೀನಿ. ಒಂದು ನಿಮಿಷ ಮಾತ್ರ... ನಿಮ್ಮ ಬೆನ್ನು ನಂಗೆ ಕೊಡಿ."

ಅವನು ಕೊರಳಿನ ಸೀಟಿ ತೆಗೆದ. ಅವಳ ಅಂಗೈಯಲ್ಲಿಟ್ಟ. ನಿಧಾನವಾಗಿ, ಬಹಳ ನಿಧಾನವಾಗಿ, ರಸ್ತೆಗೆ ಬೆನ್ನು ಮಾಡಿ ಅವಳ ಎದುರು ನಿಂತ.

ಅವನು ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. ಕೆನ್ನೆ ಬಿಸಿಯಾಯಿತು. ಆ ಕಣ್ಣುಗಳನ್ನು ಒಮ್ಮೆ ನೋಡಿಬಿಡಬೇಕೆಂದು ಜೀವ ಹಾತೊರೆಯಿತು. ಆದರೂ ಅವಳ ದೃಷ್ಟಿ ಅವನ ಭುಜದಾಚೆಯ ರಸ್ತೆಯನ್ನು ಬಿಡಲಿಲ್ಲ. ಒಂದು ಬಸ್ಸು ಹೋಯಿತು. ದೂರದಲ್ಲಿ ಒಂದು ಕಾರು.

"ಹೇಗಿದೀನಿ?" ಪಿಸುಗುಟ್ಟಿದಳು.

ಆ ಕಾರೂ ದಾಟಿಹೋಯಿತು. ಆಮೇಲೆ ಅವನ ದನಿ, ಒದ್ದೆಯಾಗಿ...

"ಅಳ್ತಿದೀಯ."

"ಅಳ್ತೀನಿ ಬಿಡು. ರಸ್ತೆ ಕಾಣ್ತಿದೆ ನಂಗೆ... ನೀನು ನೋಡು."