ಅಜ್ಜನ ಪಾಲಿನ ತೋಟೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ೨೦೦೪ರಲ್ಲಿ, ಅರಬಿ ದೇಶದ ಶುವೈಖ್‌ನ ನಮ್ಮ ವರ್ಕ್‌ಶಾಪಿನಲ್ಲಿ ಹಾಡಹಗಲೇ ಆದದ್ದು. ನಮ್ಮ ಕಫೀಲನಿಗೆ, ಅಂದರೆ ವೀಸಾ ಕೊಟ್ಟ ಅರಬಿ ಧಣಿಗೆ, ತೀರಿಹೋದ ತನ್ನ ಅಜ್ಜನ ಪುಟ್ಟ ರಿವಾಲ್ವರ್ ಎಂದರೆ ಪ್ರಾಣ. ಅದರ ತೋಟೆ ಈಗ ಎಲ್ಲೂ ಸಿಗುವುದಿಲ್ಲ. ಹಳೆಯ ಆರು ಹಿತ್ತಾಳೆ ಕೊಳವೆಗಳಿಗೆ ಕರಿ ಮದ್ದು ಸುರಿದು, ಸೀಸದ ಗುಂಡು ಒತ್ತಿ ಕೂರಿಸುವ ಕೆಲಸ ನನ್ನದು.

ನಮ್ಮ ಊರಿನ ಕಡೆ ಏನು ಮಾಡಿದರೂ ಮೊದಲ ಪಾಲು ಸತ್ತ ಹಿರಿಯರಿಗೆ. ಅದೇ ಅಭ್ಯಾಸದಲ್ಲಿ ಮೊದಲ ತೋಟೆಯನ್ನು ಕಿಟಕಿಯಲ್ಲಿಟ್ಟು, "ಅಜ್ಜಾ, ಇದು ನಿಮಗೆ" ಎಂದು ತುಳುವಿನಲ್ಲಿ ಅಂದುಬಿಟ್ಟೆ.

ಜತೆಗಿದ್ದ ಸೈಮನ್ ನಕ್ಕ. "ಮಾರಾಯಾ, ಅದು ಅರಬಿ ಅಜ್ಜ! ನಿನ್ನ ತುಳು ಅವರಿಗೆ ಅರ್ಥ ಆಗ್ತದಾ?"

ಚಹಾ ಕುಡಿದು ಬಂದರೆ ಕಿಟಕಿಯಲ್ಲಿಟ್ಟ ಕೊಳವೆ ಖಾಲಿ. ಢಂ ಎಂದದ್ದು ಯಾರಿಗೂ ಕೇಳಿಸಿಲ್ಲ. ಮುಟ್ಟಿದರೆ ಎಸಿಯ ಚಳಿಯಲ್ಲೂ ಬೆರಳು ಸುಟ್ಟಿತು. ರಿವಾಲ್ವರ್ ನೋಡಿದರೆ ಕಫೀಲನ ಮನೆಯಲ್ಲಿ, ಬೀಗದೊಳಗೆ.

"ಖಲಾಸ್, ಇನ್ನು ಏನೂ ಇಡಬೇಡ," ಎಂದು ಸೈಮನ್ ಶಿಲುಬೆಯ ಗುರುತು ಹಾಕಿಕೊಂಡ.

ನಾನು ಇಡಲಿಲ್ಲ. ಉಳಿದ ಐದನ್ನು ತುಂಬಿಸಿ, ಪೆಟ್ಟಿಗೆಗೆ ಹಾಕಿ ತಿರುಗಿದೆ. ಕಿಟಕಿಯಲ್ಲಿದ್ದ ಖಾಲಿ ಕೊಳವೆ ಮೇಜಿಗೆ ಬಂದು, ಮದ್ದಿನ ಡಬ್ಬಿಗೆ ಒತ್ತಿ, ಬಾಯಿ ಮೇಲೆ ಮಾಡಿ ನಿಂತಿತ್ತು; ನಮ್ಮ ಮಾವ ಎರಡನೇ ಸಲಕ್ಕೆ ಗ್ಲಾಸು ಮುಂದಿಡುವ ಹಾಗೆ.