ಸೊಸೆಗೆ ಮುಂಬಯಿ ತೋರಿಸಿದ್ದು

ಮದುವೆಯಾಗದೆ ತೀರಿಕೊಂಡ ಮಕ್ಕಳಿಗೂ ನಮ್ಮ ತುಳುನಾಡಿನಲ್ಲಿ ಮದುವೆ ಮಾಡುತ್ತಾರೆ. ನನ್ನ ತಂಗಿ ಮೋಹಿನಿ ಕಳೆದ ಆಟಿ ತಿಂಗಳಲ್ಲಿ, ತೀರಿಹೋದ ಮಗ ಹಿತೇಶನಿಗೆ ಕಾರ್ಕಳ ಕಡೆಯ ತೀರಿಹೋದ ಹುಡುಗಿಯನ್ನು ತಂದುಕೊಂಡಳು. ಆ ಹುಡುಗಿ ಮುಂಬಯಿ ನೋಡಿರಲಿಲ್ಲವಂತೆ. ಇಬ್ಬರಿಗೂ ತೋರಿಸಬೇಕೆಂದು ಮೋಹಿನಿ ನಮ್ಮನ್ನು ಬೈಕುಲ್ಲಾದ ಮ್ಯೂಸಿಯಮ್ಮಿಗೆ ಹೊರಡಿಸಿದಳು.

"ಮಾವನ ಖರ್ಚಿನಲ್ಲಿ ಹನಿಮೂನು," ಎಂದು ಅವಳ ಗಂಡ ಸದಾನಂದ ಭಾವ ನಗಿಸಲು ನೋಡಿದರು.

ಮೋಹಿನಿ ಪ್ರತಿ ಗಾಜಿನ ಪೆಟ್ಟಿಗೆಯ ಮುಂದೆಯೂ ಪಕ್ಕಕ್ಕೆ ಸರಿದು ಜಾಗ ಬಿಡುತ್ತಿದ್ದಳು. ಆ ಜಾಗ ತಣ್ಣಗಿತ್ತು. ಮೆಟ್ಟಿಲೇರುವಾಗ ಹಿಂದಿನಿಂದ ಗಾಜಿನ ಬಳೆಗಳ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಯಾರೂ ಇರಲಿಲ್ಲ.

"ಅಣ್ಣ, ಹಿತೇಶನ ಚಪ್ಪಲಿ ಸದ್ದು ಕೇಳ್ತದಾ? ಎಳೆದು ಎಳೆದು ನಡೀತಿದ್ದನಲ್ಲ?"

ಕಿವಿಗೊಟ್ಟೆ. "ಇಲ್ಲ," ಎಂದೆ.

ಬಳೆಗಳ ಸದ್ದು ನಮ್ಮನ್ನು ದಾಟಿ ಒಂದು ಕೋಣೆಗೆ ಹೋಯಿತು. ಅಲ್ಲಿಂದ ಇನ್ನೊಂದಕ್ಕೆ ಹೋಯಿತು, ಯಾರನ್ನೋ ಹುಡುಕುವ ಹಾಗೆ. ಮೋಹಿನಿ ಮೆಟ್ಟಿಲ ಮೇಲೆ ಕುಸಿದು ಕುಳಿತಳು.

"ಅವನು ಬರ್ಲೇ ಇಲ್ಲ ರೀ. ಇವಳ ಅಪ್ಪ ಅಮ್ಮ ನಮ್ಮನ್ನು ನಂಬಿ ಕಳಿಸಿದ್ದು."

ಸದಾನಂದ ಅವಳ ಪಕ್ಕ ಕುಳಿತರು.

"ಬಾ ಮಗಾ," ಎಂದು ಮೋಹಿನಿ ಖಾಲಿ ಕೋಣೆಯತ್ತ ಕೈ ಚಾಚಿದಳು. "ನಮ್ಮೊಟ್ಟಿಗೆ ಮನೆಗೆ ಬಾ."

ಸದ್ದು ಅವಳ ಬಳಿ ಬಂದು ನಿಂತಿತು.

ಸಂಜೆ ಮನೆಗೆ ಮರಳುವಾಗ ದಾದರಿನಿಂದ ಕಾಂದಿವಲಿಯವರೆಗೆ ಲೋಕಲ್ ಕಿಕ್ಕಿರಿದಿತ್ತು. ಜನ ಒಬ್ಬರ ಮೈಮೇಲೊಬ್ಬರು ಬಿದ್ದು ನಿಂತಿದ್ದರು. ಮೋಹಿನಿಯ ಪಕ್ಕದ ಸೀಟಿನಲ್ಲಿ ಮಾತ್ರ ಕೊನೆಯವರೆಗೂ ಯಾರೂ ಕೂರಲಿಲ್ಲ.