ಎರಡು ಬುಧವಾರ

ಟ್ರಂಕಿನ ಮುಚ್ಚಳ ತೆಗೆದ ಕಾನ್‌ಸ್ಟೇಬಲ್ ರಾಯಣ್ಣ ಹಾಗೇ ನಿಂತುಬಿಟ್ಟ. ಮೇಲೊಂದು ಹಳದಿ ಚೂಡಿದಾರ. ಅದರಡಿ ಒಂದು ಟವೆಲ್. ಟವೆಲ್ಲಿನೊಳಗೆ ಮೊಬೈಲುಗಳು, ಒಂದಲ್ಲ ಎರಡಲ್ಲ, ನಲವತ್ತು.

“ಇವು ಯಾರವು?” ಪಿಎಸ್‌ಐ ಹೊಳೆಮ್ಮ ಕೇಳಿದಳು.

ಮಂಚದ ಪಕ್ಕ ನಿಂತಿದ್ದ ಹುಡುಗಿಯ ಹೆಸರು ಭವ್ಯ. ಹೊಸಪೇಟೆಯ ಕಾಲೇಜೊಂದರಲ್ಲಿ ಎಂ.ಕಾಂ. ಕೊನೆಯ ವರ್ಷ. ಸಂಡೂರಿನ ಕಡೆಯವಳು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು, ಆದರೆ ಕಣ್ಣು ತಗ್ಗಿಸಲಿಲ್ಲ.

“ಆಟದ ಫೋನ್ರಿ ಮೇಡಂ. ಲ್ಯಾಬಿಗೆ ಸುಣ್ಣ ಹೊಡಸ್ತಾರ, ಎರಡು ದಿನ ನಿನ್ನ ಹತ್ರ ಇರ್ಲಿ ಅಂತ ಎಚ್‌ಓಡಿ ಸರ್ ಕೊಟ್ರು.”

“ಬಾಯಿಗೆ ಬಂದದ್ದು ಹೇಳಬ್ಯಾಡ.” ಬಾಗಿಲ ಬಳಿಯಿಂದ ಗದರಿದವನು ವಾಣಿಜ್ಯ ವಿಭಾಗದ ಮುಖ್ಯಸ್ಥ ಅಂಜಿನಯ್ಯ. ದೂರು ಕೊಟ್ಟವನೂ ಅವನೇ, ಹಾಸ್ಟೆಲ್ ಜಾಲಾಡಿ ಎಂದವನೂ ಅವನೇ. “ಮೇಡಂ, ಈ ಫೋನನ್ನ ನಾನು ಕೈಯಿಂದ ಮುಟ್ಟೂ ಇಲ್ಲ. ಮಕ್ಕಳು ಕಲೀಲಿ ಅಂತ ಒಂದು ಆಟ ಶುರು ಮಾಡ್ಸಿದ್ದೆ. ಹೋದ ವರ್ಷದ ಬೆಲೆ ಹಾಕಿ ಆಡೋದು. ಸುಳ್ಳು ದುಡ್ಡು, ಸುಳ್ಳು ಶೇರು. ನಡೆಸ್ತಿದ್ದವನು ಗೆಸ್ಟ್ ಲೆಕ್ಚರರ್ ಮಾಲತೇಶ್. ಅವನೂ ಇವಳೂ ಸೇರ್ಕೊಂಡು ಅದನ್ನ ನಿಜದ ದಂಧೆ ಮಾಡ್ಯಾರ.”

“ಅಂದ್ರ ಶೇರಿನ ಅಂಗಡಿಯಾಗ...” ಹೊಳೆಮ್ಮ ಶುರು ಮಾಡಿದಳು.

“ಅಂಗಡಿ ಅಲ್ರಿ, ಎಕ್ಸ್‌ಚೇಂಜ್ ಅನ್ಬೇಕು.”

ಹೊಳೆಮ್ಮನಿಗೆ ಮೈ ಉರಿಯಿತು. ಒಂದು ಹುಡುಗಿಯ ಬಾಳು ಟ್ರಂಕಿನಿಂದ ಹೊರಬಿದ್ದು ನೆಲದ ಮೇಲೆ ಹರಡಿದೆ, ಈ ಮನುಷ್ಯನಿಗೆ ಪೊಲೀಸರ ಮಾತು ತಿದ್ದುವ ಚಟ. ಉರಿಯನ್ನು ನುಂಗಿಕೊಂಡು ಅವಳು ಫೋನುಗಳನ್ನು ಚೀಲಕ್ಕೆ ತುಂಬಿಸಿದಳು.

* * *

ನಡೆದದ್ದು ಇಷ್ಟು. ತರಗತಿಯ ನಲವತ್ತು ಮಂದಿಗೂ ಒಂದೊಂದು ಫೋನು, ಫೋನಿನಲ್ಲಿ ಒಂದು ಆ್ಯಪ್, ಆ್ಯಪಿನಲ್ಲಿ ತಲಾ ಒಂದು ಪೋರ್ಟ್‌ಫೋಲಿಯೊ. ಸೋಮವಾರ ಮತ್ತು ಬುಧವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಆಟ. ಯಾರೂ ಹೆಸರು ಕೇಳದ ಐದು ಸಣ್ಣ ಕಂಪನಿಗಳು. ನಾಲ್ಕರಲ್ಲಿ ವಿದ್ಯಾರ್ಥಿಗಳು ಓದಿ, ವಾದ ಮಾಡಿ, ತಮಗೆ ತೋಚಿದಂತೆ ಕೊಳ್ಳಬಹುದು, ಮಾರಬಹುದು. ಐದನೆಯದು ಒಂದು ನೂಲಿನ ಕಂಪನಿ. ಅದರಲ್ಲಿ ಮಾತ್ರ ಸ್ವಂತ ಬುದ್ಧಿ ಓಡಿಸುವಂತಿಲ್ಲ. ಬೋರ್ಡಿನ ಮೇಲೆ ಬರೆದ ಬೆಲೆಗೆ ಕೊಳ್ಳುವ, ಮಾರುವ ಗುಂಡಿ ಒತ್ತಬೇಕು, ಅದು ಅಸೈನ್‌ಮೆಂಟ್.

ಆದರೆ ಆಟ ಆಟವಾಗಿರಲಿಲ್ಲ. ‘ಸ್ಪರ್ಧೆಗೆ ನೋಂದಣಿ’ ಎಂದು ಆಧಾರ್, ಪ್ಯಾನ್ ಕೊಟ್ಟು, ಕ್ಯಾಮೆರಾಕ್ಕೆ ಮುಖ ತೋರಿಸಿದ ಮಕ್ಕಳ ಹೆಸರಿನಲ್ಲಿ ನಿಜವಾದ ಖಾತೆಗಳೇ ತೆರೆದಿದ್ದವು. ಅವುಗಳಲ್ಲಿ ಯಾರದೋ ದುಡ್ಡು ಓಡಾಡಿತ್ತು. ನಲವತ್ತು ಮಂದಿ ನೂಲಿನ ಶೇರನ್ನು ತಮ್ಮತಮ್ಮಲ್ಲೇ ಕೊಂಡು ಮಾರಿ, ತಮಗೇ ಗೊತ್ತಿಲ್ಲದೆ ಅದರ ಬೆಲೆ ಏರಿಸಿದ್ದರು. ಸಂತೆಯಲ್ಲಿ ಮುದಿ ಎತ್ತಿನ ಸುತ್ತ ತನ್ನವರನ್ನೇ ನಿಲ್ಲಿಸಿ ಚೌಕಾಸಿ ಮಾಡಿಸಿದ ಹಾಗೆ. ಹೊರಗಿನವರು ನಂಬಿ ನುಗ್ಗಿದರು. ಎತ್ತಿನ ಒಡೆಯ ತನ್ನದನ್ನು ಮಾರಿ ಜಾರಿಕೊಂಡ, ಬೆಲೆ ನೆಲ ಕಚ್ಚಿತು. ಈಗ ನಲವತ್ತು ಮಕ್ಕಳ ಎಲ್ಲ ಬ್ಯಾಂಕ್ ಖಾತೆಗಳಿಗೂ ಬೀಗ ಬಿದ್ದಿತ್ತು, ಸ್ಕಾಲರ್‌ಶಿಪ್ ಬರುವ ಖಾತೆಯೂ ಸೇರಿ.

ಆ ಒಡೆಯ ಯಾರು ಎಂದು ಹೊಳೆಮ್ಮ ಮುಂಬೈಯ ಎಕ್ಸ್‌ಚೇಂಜಿಗೆ ಬರೆದಿದ್ದಳು. ಉತ್ತರಕ್ಕೆ ವಾರಗಳು ಬೇಕು. ಅವಳ ಮೇಜಿನ ಮೇಲೆ ಕಾಯಲಾರದ ಇನ್ನೊಂದು ಫೈಲ್ ಬಿದ್ದಿತ್ತು. ಭವ್ಯಳಿಗೆ ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಿತ್ತು. ನಡತೆಯ ಬಗ್ಗೆ ಪೊಲೀಸ್ ವರದಿ ಸೋಮವಾರ ಹೋಗಲೇಬೇಕು. ಶೇರಿನ ಮೋಸದಲ್ಲಿ ಹೆಸರು ಸಿಕ್ಕಿಬಿದ್ದ ಹುಡುಗಿಗೆ ಯಾವ ಬ್ಯಾಂಕು ಕುರ್ಚಿ ಕೊಡುತ್ತದೆ?

ಮಧ್ಯಾಹ್ನ ಭವ್ಯಳ ತಾಯಿ ದುರ್ಗಕ್ಕ ಠಾಣೆಗೆ ಬಂದಳು. ದೋಣಿಮಲೈ ಗಣಿಯ ಕ್ವಾರ್ಟರ್ಸ್‌ಗಳಲ್ಲಿ ಮನೆಗೆಲಸ ಮಾಡುವವಳು.

“ಕುಂದ್ರಿ ಅಕ್ಕಾರೆ.”

“ಕುಂದ್ರಾಕ ಬಂದಿಲ್ಲ. ನನ್ನ ಮಗಳು ಕಳ್ಳಿ ಏನು?”

“ನಾನು ಹಂಗ ಅಂದಿಲ್ಲ.”

“ಮತ್ತ ಯಾಕ ಕರಕೊಂಡು ಬಂದೀರಿ? ಆ ಆಟ ಆ ಆಟ ಅಂತ ಆಕಿ ಓಟು ಹಾಕಾಕೂ ಬರ್ಲಿಲ್ಲ. ಹಿಂದ ಎರಡು ಸಲ ಪಟ್ಟಿಯಾಗ ಹೆಸರೇ ಇದ್ದಿದ್ದಿಲ್ಲ. ಈ ಸಲ ಓಡಾಡಿ ಬರಸಿದ್ವಿ. ಬಾಬಾಸಾಹೇಬ್ರು ಕೊಟ್ಟ ಓಟು, ತಾಯಿ ಮಗಳು ಕೂಡೇ ಹಾಕಣ ಅಂತ ಸಾಲಿ ಮುಂದ ಕಾದೆ. ಗೇಟು ಹಾಕಿದ್ರು, ಆಕಿ ಬರ್ಲಿಲ್ಲ.”

ಮಾತು ಹೊಳೆಮ್ಮನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಲೆಯಲ್ಲಿದ್ದದ್ದು ಮಾಲತೇಶ್. ನಲವತ್ತು ಫೋನುಗಳನ್ನೂ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಕೊಂಡವನು ಅವನೇ ಎಂದು ರಾಯಣ್ಣ ಪತ್ತೆ ಹಚ್ಚಿ ಬಂದಿದ್ದ. ಅವನ ರೂಮಿಗೆ ಬೀಗ. ಮೊಬೈಲ್ ಆಫ್.

* * *

ಮಾಲತೇಶ್ ಸಿಕ್ಕಿದ್ದು ಕಂಪ್ಲಿಯಲ್ಲಿ, ಅಕ್ಕನ ಮನೆಯ ಹಿತ್ತಿಲಿನಲ್ಲಿ. ಹೊಳೆಮ್ಮನಿಗೆ ಕಂಪ್ಲಿಯ ಓಣಿಗಳು ಹೊಸವಲ್ಲ, ಹುಟ್ಟಿದ್ದೇ ಅಲ್ಲಿ. ಪೊಲೀಸರನ್ನು ನೋಡಿ ಅವನು ಭತ್ತದ ಚೀಲದ ಮೇಲೆ ಕುಸಿದು ಕೂತ.

“ಫೋನು ತಗೊಂಡಿದ್ದು ನೀನ.”

“ಎಚ್‌ಓಡಿ ಸರ್ ರೊಕ್ಕ ಕೊಟ್ಟು ಕಳಿಸಿದ್ರಿ.”

“ಸಾಕ್ಷಿ?”

“ಇಲ್ರಿ ಮೇಡಂ.”

“ಬೋರ್ಡಿನ ಮ್ಯಾಲ ಬೆಲೆ ಬರೀತಿದ್ದವನೂ ನೀನ.”

“ಹೌದ್ರಿ. ಏನು ಬರೀಬೇಕು ಅಂತ ಸರ್ ಬಾಯ್ಮಾತಿನಾಗ ಹೇಳ್ತಿದ್ರು.”

“ಓಡಿ ಬಂದಿದ್ಯಾಕ?”

“ನಂದು ಗೆಸ್ಟ್ ಕೆಲಸ. ಮುಂದಿನ ವರ್ಷ ಇರ್ಬೇಕೋ ಬ್ಯಾಡೋ ಅನ್ನೋದು ಅವರ ಕೈಯಾಗ ಐತಿ. ಅವರು ನನ್ನ ಹೆಸರು ಹೇಳ್ಯಾರ ಅಂತ ಗೊತ್ತಾತು, ಕೈಕಾಲು ಆಡ್ಲಿಲ್ಲ.”

ಹೊಳೆಮ್ಮನಿಗೆ ತಡೆಯಲಾಗಲಿಲ್ಲ. “ಲೇ, ಮಕ್ಕಳಿಗೆ ಕಾಮರ್ಸ್ ಕಲಿಸಾವ ನೀನು. ಇದು ನಿಜದ್ದೋ ಸುಳ್ಳೋ ಅಂತ ಒಂದ್ಸಲ ನೋಡಬೇಕು ಅನ್ನಿಸ್ಲಿಲ್ಲೇನು?”

ಅವನು ತಲೆ ತಗ್ಗಿಸಿದ. “ಹೋದ ವರ್ಷದ ಬೆಲೆ ಅಂದ್ರು, ನಂಬಿದೆ. ನೋಡಿದ್ರ ಕೇಳಬೇಕಾಗ್ತಿತ್ತು. ಒಂದೇ ಒಂದ್ಸಲ ಬಾಯಿ ಬಿಟ್ಟೆ. ಪಾಠ ಹಾಳಾಗ್ತಾವ, ಆಟ ಭಾನುವಾರ ಇಟ್ಕೊಳ್ಳಣ ಸರ್ ಅಂದೆ. ಮೈಮ್ಯಾಲೇ ಬಿದ್ರು. ಸೋಮವಾರ, ಬುಧವಾರ, ಬೆಳಿಗ್ಗೆನೇ ಆಗ್ಬೇಕು, ನೀನೇನು ನನಗ ಹೇಳೋದು ಅಂತ.”

ಹೊಳೆಮ್ಮ ಎರಡು ಹೆಜ್ಜೆ ನಡೆದವಳು ನಿಂತಳು. ಹೋದ ವರ್ಷದ ಬೆಲೆಗೆ ಭಾನುವಾರವಾದರೇನು, ಸೋಮವಾರವಾದರೇನು? ಹಳೇ ಬೆಲೆಯನ್ನು ಬೇಕಾದಾಗ ಆಡಬಹುದು. ಅದಕ್ಕೆ ದಿನದ ಹಂಗಿಲ್ಲ.

“ಜೀಪು ಹತ್ತು,” ಎಂದಳು. “ನೀನೂ ಬಾ.”

* * *

ಕಾಲೇಜಿನ ಲ್ಯಾಬಿನ ಗೋಡೆಗಳಲ್ಲಿ ಜೇಡರ ಬಲೆ ತೂಗುತ್ತಿತ್ತು. ಸುಣ್ಣದ ಸುದ್ದಿಯೇ ಇಲ್ಲ.

“ಸುಣ್ಣ ಹೊಡಿಯೋ ಮಾತೇ ಬಂದಿಲ್ರಿ,” ಎಂದ ಅಟೆಂಡರ್ ಪಾಲಪ್ಪ.

ರಾಯಣ್ಣ ನಿಟ್ಟುಸಿರು ಬಿಟ್ಟ. “ಹಂಗಾದ್ರ ಹುಡುಗಿ ಸುಳ್ಳು ಹೇಳ್ಯಾಳ ಮೇಡಂ.”

“ಇಲ್ಲಾ ಆಕಿಗೆ ಯಾರೋ ಸುಳ್ಳು ಹೇಳ್ಯಾರ.” ಹೊಳೆಮ್ಮ ಚೀಲದಿಂದ ಒಂದು ಫೋನು ತೆಗೆದು ನವೆಂಬರ್ ತಿಂಗಳ ವ್ಯವಹಾರ ತೆರೆದಳು. ಸೋಮವಾರ, ಬುಧವಾರ, ಸೋಮವಾರ, ಬುಧವಾರ. ಹದಿಮೂರನೇ ತಾರೀಖಿಗೆ ಬಂದಾಗ ಅವಳ ಬೆರಳು ನಿಂತಿತು. ಸಂಡೂರಿನ ಉಪಚುನಾವಣೆಯ ಬುಧವಾರ. ದುರ್ಗಕ್ಕನ ಮಾತು ಈಗ ತಲೆಗೆ ಹೋಯಿತು.

ಮುಂದಿನ ಸೋಮವಾರ ಕನಕ ಜಯಂತಿ, ಸರಕಾರಿ ರಜೆ. ಅವತ್ತೂ ವ್ಯವಹಾರ ನಡೆದಿತ್ತು.

“ಪಾಲಪ್ಪಾರೆ, ರಜೆ ದಿನ ಲ್ಯಾಬ್ ಯಾರು ತೆಗೆದ್ರಿ?”

“ಎಚ್‌ಓಡಿ ಸಾಹೇಬ್ರು ಮನಿಗೆ ಬಂದು ಕೀಲಿ ಇಸ್ಕೊಂಡು ಹೋದ್ರಿ.”

ಅದರ ಮರುದಿನವಲ್ಲ, ಆಚೆಯ ದಿನ ಮತ್ತೆ ಬುಧವಾರ. ಅಲ್ಲಿ ಖಾಲಿ. ಇನ್ನೊಂದು ಫೋನು ತೆಗೆದಳು, ಖಾಲಿ. ಮತ್ತೊಂದು, ಅದೂ ಖಾಲಿ. ಅವತ್ತು ಕಾಲೇಜು ನಡೆದಿತ್ತು. ನೆಟ್‌ವರ್ಕ್ ಇಲ್ಲವೆಂದು ಎಚ್‌ಓಡಿ ಆಟ ನಿಲ್ಲಿಸಿದ್ದನೆಂದು ಮಾಲತೇಶ್ ಹೇಳಿದ. ಆದರೆ ಅದೇ ಹೊತ್ತಿನಲ್ಲಿ ತಾನು ಅದೇ ವೈಫೈನಲ್ಲಿ ಹಾಜರಿ ಹಾಕಿದ್ದೆ ಎಂದೂ ಹೇಳಿದ.

“ಆ ಬುಧವಾರನಾ ಮೇಡಂ?” ರಾಯಣ್ಣ ತಲೆ ಕೆರೆದುಕೊಂಡ. “ಅವತ್ತು ನಮ್ಮ ಷಡ್ಕ ಮುಂಬೈದಾಗ ಓಟು ಹಾಕಿ, ಮಸಿ ಬೆರಳು ಸ್ಟೇಟಸ್ ಇಟ್ಟಿದ್ದ. ಅಲ್ಲೂ ಚುನಾವಣೆ ಇತ್ತಲ್ರಿ.”

ಹೊಳೆಮ್ಮ ಒಂದು ಫೋನ್ ಮಾಡಿ ಏನೋ ಕೇಳಿದಳು. ಉತ್ತರ ಬಂದದ್ದೇ ಅವಳ ಮುಖ ಕೆಂಪಾಯಿತು. “ಹುಡುಗರನ್ನೆಲ್ಲ ಕರಸು ರಾಯಣ್ಣ. ಅಂಜಿನಯ್ಯನೋರನ್ನೂ ಕರಿ. ಭವ್ಯನ ತಾಯೀನ ಬಿಟ್ಟು ಬರಬ್ಯಾಡ.”

* * *

ತರಗತಿ ತುಂಬಿತ್ತು. ಅಂಜಿನಯ್ಯ ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ದುರ್ಗಕ್ಕ ಬಾಗಿಲಲ್ಲಿ ನಿಂತಿದ್ದಳು.

“ಸಂಡೂರು ಕಡೆಯವರು ಯಾರ್ಯಾರು?” ಹೊಳೆಮ್ಮ ಕೇಳಿದಳು. ಏಳು ಕೈಗಳು ಎದ್ದವು. “ಚುನಾವಣೆ ದಿನ ರಜೆ ಕೇಳಿದ್ರಾ?”

“ಕೇಳಿದ್ವಿ ಮೇಡಂ,” ಭವ್ಯ ಎಂದಳು. “ಅಸೈನ್‌ಮೆಂಟ್ ಮುಗಿಸಿ ಹೋಗ್ರಿ, ನಿಮ್ಮ ಒಂದು ಓಟಿಂದ ಏನು ಆಗ್ತೈತಿ ಅಂದ್ರು. ಮೂರೂವರೆಗೆ ಬಿಟ್ರು. ಸಂಡೂರಿಗೆ ಬಸ್ಸು, ಅಲ್ಲಿಂದ ನಮ್ಮೂರಿಗೆ ಬಸ್ಸೇ ಇದ್ದಿಲ್ಲ.”

“ಅಂದವರು ಯಾರು?”

“ಎಚ್‌ಓಡಿ ಸರ್.”

“ಶಿಸ್ತು ಕಲಿಸೋದು ತಪ್ಪೇನ್ರಿ?” ಅಂಜಿನಯ್ಯ ನಕ್ಕ. “ಆಟ ನಡೆಸ್ತಿದ್ದವನು ಮಾಲತೇಶ್. ಅವನನ್ನ ಕೇಳ್ರಿ.”

“ಕೇಳೀನಿ. ಮೂರು ವರ್ಷದಿಂದ ಇಲ್ಲೇ ಇರೋ ಮನುಷ್ಯ...”

“ಎರಡೂವರೆ ವರ್ಷ,” ಅಂಜಿನಯ್ಯ ತಿದ್ದಿದ.

“ಎರಡೂವರೆ. ಈ ಮಾಲತೇಶ್ ಭಾಳ ಚಾಲಾಕಿ ಸರ್. ಚುನಾವಣೆ ಆದ ಮುಂದಿನ ಬುಧವಾರ ನೋಡ್ರಿ. ಅವತ್ತು ಮುಂಬೈ ಮಾರ್ಕೆಟ್ ಜೋರಾಗಿ ನಡೆದಿತ್ತು, ಇಲ್ಲಿ ಮಾತ್ರ ಆಟ ನಿಂತಿತ್ತು. ಅವತ್ತೇ ಇವನು ಹೊರಗಿಂದ ಏನೋ ಕೈಚಳಕ ತೋರ್ಸ್ಯಾನ.”

“ಇಲ್ರಿ ಮೇಡಂ, ನಿಮಗ ಗೊತ್ತಿಲ್ಲ.” ಅಂಜಿನಯ್ಯ ಕೈ ಬೀಸಿದ. “ಅವತ್ತು ಮಾರ್ಕೆಟ್ ಬಂದ್. ಮಹಾರಾಷ್ಟ್ರದಾಗ ಮತದಾನ ಇತ್ತಲ್ಲ, ಎಕ್ಸ್‌ಚೇಂಜ್‌ಗೆ ರಜೆ. ಅದಕ್ಕೇ ಆಟ...”

ಅಲ್ಲಿಗೆ ನಾಲಿಗೆ ನಿಂತಿತು. ಕಾಲ ಮೇಲಿನ ಕಾಲು ಕೆಳಗಿಳಿಯಿತು.

“ಹೇಳ್ರಿ,” ಹೊಳೆಮ್ಮನ ದನಿ ತಗ್ಗಿತು, ಅದು ಅವಳ ಸಿಟ್ಟಿನ ದನಿ. “ಅದಕ್ಕೇ ಆಟ ನಿಲ್ಲಿಸಿದ್ರಿ. ಹಾಸ್ಟೆಲಿನಾಗ ನೀವೇ ನನಗ ಏನಂದ್ರಿ? ಹೋದ ವರ್ಷದ ಬೆಲೆ, ಸುಳ್ಳು ಶೇರು. ಸುಳ್ಳು ಶೇರಿಗೆ ಯಾವ ರಜೆ? ಅದನ್ನ ಭಾನುವಾರ ಆಡಬಹುದಿತ್ತು, ಮಾಲತೇಶ್ ಕೇಳಿದ್ರ ಮೈಮ್ಯಾಲೆ ಬಿದ್ರಿ. ಯಾಕಂದ್ರ ಭಾನುವಾರ ಮಾರ್ಕೆಟ್ ಇರಲ್ಲ. ಕನಕ ಜಯಂತಿ ದಿನ ಪಾಲಪ್ಪನ ಹತ್ರ ಕೀಲಿ ಇಸ್ಕೊಂಡು ಲ್ಯಾಬ್ ತೆಗೆದ್ರಿ. ಯಾಕಂದ್ರ ಕನಕದಾಸರಿಗೆ ಮುಂಬೈದಾಗ ರಜೆ ಇಲ್ಲ. ನೆಟ್‌ವರ್ಕ್ ಇದ್ದ ದಿನ ಇಲ್ಲ ಅಂದ್ರಿ. ಮಾಲತೇಶ್ ಬೋರ್ಡಿನ ಮ್ಯಾಲ ಬರೆದ, ಹುಡುಗರು ಒತ್ತಿದ್ರು. ಆದ್ರ ಆಟ ಯಾವತ್ತು, ಯಾವತ್ತು ಇಲ್ಲ ಅನ್ನೋದನ್ನ ಹೇಳಿದವರು ಒಬ್ಬರೇ. ಇದು ನಿಜದ ಮಾರ್ಕೆಟ್ ಅಂತ ಗೊತ್ತಿದ್ದವರೂ ಅವರೊಬ್ಬರೇ.”

ಹೊಳೆಮ್ಮ ಸಂಡೂರಿನ ಹುಡುಗರ ಕಡೆ ಕೈ ತೋರಿಸಿದಳು.

“ಈ ಏಳು ಮಕ್ಕಳಿಗೆ ತಮ್ಮೂರಿನ ಓಟಿಗೆ ರಜೆ ಕೊಡ್ಲಿಲ್ಲ ನೀವು. ಮುಂದಿನ ಬುಧವಾರ ಮುಂಬೈಯವರ ಓಟಿಗೆ ರಜೆ ಕೊಟ್ರಿ. ನಾಚಿಕಿ ಆಗ್ಬೇಕು ನಿಮಗ.”

ಭವ್ಯ ಎದ್ದು ನಿಂತಳು. “ಮೇಡಂ, ನಾನು ಒಂದಿನ ಒಬ್ಬಾಕೀನ ಹೋಗಿ ಸರ್‌ನ ಕೇಳಿದ್ದೆ. ಈ ಬೆಲೆ ಇವತ್ತಿಂದೇ ಇದ್ದಂಗ ಐತಲ್ಲ ಸರ್ ಅಂತ. ತಲಿ ಕೆಡಸ್ಕೋಬ್ಯಾಡ, ಓದಿನ ಕಡೆ ನೋಡು ಅಂದ್ರು. ಆಮ್ಯಾಲೆ ಒಂದು ವಾರಕ್ಕ ಫೋನ್ ಚೀಲ ಕೊಟ್ರು.”

ಟ್ರಂಕು ಅವಳದೇ ಯಾಕೆ ಎಂಬುದಕ್ಕೂ ಉತ್ತರ ಸಿಕ್ಕಿತು. ಕೇಳದವನಿಗೆ ಕೆಲಸ ಉಳಿದಿತ್ತು, ಕೇಳಿದವಳಿಗೆ ಮೋಸದ ಮಾಲು. ಮಾಲತೇಶ್ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡ.

ಅಂಜಿನಯ್ಯನ ಜೇಬಿನ ಮೊಬೈಲನ್ನು ರಾಯಣ್ಣ ಇಸಿದುಕೊಂಡ. ಉಳಿದದ್ದು ಅದರಲ್ಲೇ ಇತ್ತು. ಬೆಲೆ ತುತ್ತತುದಿ ಮುಟ್ಟಿದ ದಿನ ನೂಲಿನ ಶೇರುಗಳನ್ನೆಲ್ಲ ಮಾರಿದ್ದು ಅವನ ಹೆಂಡತಿಯ ಹೆಸರಿನ ಖಾತೆ. ಮಾರಾಟದ ಸಂದೇಶವನ್ನು ಅಳಿಸುವುದಕ್ಕೂ ಅವನಿಗೆ ತೋಚಿರಲಿಲ್ಲ. ಹುಡುಗಿಯ ಟ್ರಂಕು ತೆರೆಸಿದ ಮೇಲೆ ತನ್ನ ಜೇಬನ್ನು ಯಾರು ನೋಡುತ್ತಾರೆ ಎಂಬ ಧೈರ್ಯ.

* * *

ಸೋಮವಾರ ಬೆಳಿಗ್ಗೆ ತಾಯಿ ಮಗಳು ಠಾಣೆಗೆ ಬಂದರು. ಈ ಸಲ ದುರ್ಗಕ್ಕ ಕೂತಳು. ಹೊಳೆಮ್ಮ ಭವ್ಯಳ ಫೈಲ್ ತೆರೆದು ‘ನಡತೆ ಉತ್ತಮ, ಯಾವ ಆಕ್ಷೇಪವೂ ಇಲ್ಲ’ ಎಂದು ಬರೆದು ಸಹಿ ಹಾಕಿದಳು.

“ಕೆಲಸ ಉಳೀತವ್ವ.”

“ಉಳೀತ್ರಿ ಮೇಡಂ.” ಭವ್ಯ ನಗಲಿಲ್ಲ. “ಖಾತೆ ಬೀಗಾನೂ ತೆಗೀತಾರಂತ. ಎಲ್ಲಾ ವಾಪಸ್ ಬರ್ತೈತಿ. ನನ್ನ ಓಟು?”

ಹೊಳೆಮ್ಮ ಮೋಸದ ಕೇಸಿನ ಫೈಲ್ ಎಳೆದುಕೊಂಡಳು. ಅಂಜಿನಯ್ಯನ ಮೇಲೆ ವಂಚನೆ, ಸುಳ್ಳು ದೂರು, ಎಲ್ಲ ಸೆಕ್ಷನ್ನುಗಳನ್ನೂ ಹಾಕಿಯಾಗಿತ್ತು. ಆ ಒಂದು ಸಂಜೆ ಗೇಟಿನ ಮುಂದೆ ಕಾದ ತಾಯಿಯ ಲೆಕ್ಕ ಅದರಲ್ಲಿ ಎಲ್ಲೂ ಇರಲಿಲ್ಲ.

“ರಾಯಣ್ಣ, ದೋಷಾರೋಪ ಪಟ್ಟಿಯಾಗ ಇನ್ನೊಂದು ಸಾಲು ಸೇರ್ಸು. ಏಳು ಮತದಾರರನ್ನ ಮತದಾನ ಮಾಡದಂಗ ತಡೆದ ಅಂತ. ಏಳೂ ಮಂದಿ ಹೆಸರು ಬರಿ. ಮೊದಲ್ನೇದು ಈಕಿದು.”

ರಾಯಣ್ಣ ಪೆನ್ನು ಹಿಡಿದು ಅನುಮಾನಿಸಿದ. “ಕೋರ್ಟಿನಾಗ ನಿಲ್ತೈತೇನ್ರಿ ಮೇಡಂ ಇದು?”

“ನಿಲ್ಲಲಿ, ಬಿಡ್ಲಿ. ನೀನು ಬರಿ.”

ಅವನು ಬರೆದ. ಭವ್ಯ ಮೇಜಿನ ಮೇಲೆ ಬಗ್ಗಿ ತನ್ನ ಹೆಸರನ್ನು ಓದಿ ನೋಡಿ, ತಾಯಿಯ ಕೈ ಹಿಡಿದುಕೊಂಡು ಹೊರಟಳು.